ಕೋಸಿನ ಪಾತಿಗೆ ಬಿದ್ದ ಬಾಣಗಳು

ನಮ್ಮ ಸೋದರಮಾವನ ಮುಂದೆ ನೀವು ಐದು ನಿಮಿಷ ಕೂತರೆ ಸಾಕು, ನಿಮಗೊಂದು ನಂಬರು ಬೀಳುತ್ತದೆ. ಮುನ್ನೂರರಿಂದ ಸಾವಿರದೊಳಗೆ ಎಷ್ಟಾದರೂ ಬೀಳಬಹುದು. ದೊಡ್ಡ ನಂಬರು ಬಿತ್ತು ಅಂತ ಹಿಗ್ಗಬೇಡಿ! ಮಾವನ ಲೆಕ್ಕದಲ್ಲಿ ನಂಬರು ಏರಿದಷ್ಟೂ ಮನುಷ್ಯ ಮೆತ್ತಗೆ. ಮುನ್ನೂರು ಅಂದರೆ ಏನು ಮಾಡಿದರೂ ಬಗ್ಗದವನು, ಸಾವಿರ ಅಂದರೆ ಉಫ್ ಅಂದರೂ ಬಗ್ಗುವವನು. ಹೊಸೂರು ಬಸ್‌ಸ್ಟ್ಯಾಂಡಿನ ಚಿಲ್ಲರೆ ಕೊಡದ ಕಂಡಕ್ಟರು ಮುನ್ನೂರು. ಮಾವನ ಹಳೇ ಮ್ಯಾನೇಜರು ಕೆಲಸದವರ ಮುಂದೆ ಮುನ್ನೂರು, ಮಾಲೀಕರ ಮುಂದೆ ಸಾವಿರ. ಹೊಸೂರಿನ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳಿಕೊಂಡು ಮಾನವಾಗಿ ಬದುಕುತ್ತಿರುವ ನನಗೆ ಒಂಬೈನೂರು ಕೊಟ್ಟಿದ್ದಾರೆ. "ಯಾಕ್ ಮಾವ, ನಂಗೆ ಅಷ್ಟೊಂದಾ?" ಅಂತ ಕೇಳಿದೆ. "ನೋಡ್ಲಾ, ಕೇಳೋವಾಗ್ಲೇ ಬಗ್ಬುಟ್ಟಿದೀಯ" ಅಂದರು.

ಈ ನಂಬರು ಮಾವ ಕಟ್ಟಿದ್ದಲ್ಲ. ಬಿಲ್ಲು ಹಿಡಿಯುವವರ ಕಾರ್ಬನ್ ಬಾಣಗಳ ಮೇಲೆ ಕಡ್ಡಿ ಎಷ್ಟು ಬಾಗುತ್ತದೆ ಅನ್ನುವುದಕ್ಕೆ ಹೀಗೇ ನಂಬರು ಅಚ್ಚು ಹಾಕಿರುತ್ತಾರೆ. ಅದನ್ನು ಕಿತ್ತು ಮನುಷ್ಯರಿಗೆ ಅಂಟಿಸಿದ್ದು ಮಾತ್ರ ಮಾವನ ಕೈವಾಡ. ಹೊಸೂರಿನ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಆಯುಷ್ಯ ಕಳೆದವರು ಅವರು. ಬಂದದ್ದನ್ನೆಲ್ಲ ಅಳೆದು ಪಾಸು ಅಥವಾ ಫೇಲು ಅನ್ನುವುದೇ ಕಸುಬು. ರಿಟೈರಾದ ಮಾತ್ರಕ್ಕೆ ಆ ಕೈ ಸುಮ್ಮನಿರುತ್ತದೆಯೇ?

ಅಳೆಯುವ ಮನುಷ್ಯ ಅಂದಕೂಡಲೇ ಭಾರೀ ಖಡಕ್ ಆಸಾಮಿ ಅಂದುಕೊಂಡಿರೋ, ಕೆಟ್ಟಿರಿ! ಮಾವ ಕಣ್ಣು ಬಿಟ್ಟುಕೊಂಡೇ ಕನಸು ಕಾಣುವವರು. ಅವರ ಊರು ತಮಿಳುನಾಡಿನ ಗಡಿಯ ತಳಿ ಪಟ್ಟಣದಿಂದ ಆಚೆ, ಕೋಸು, ಚೆಂಡುಹೂವು, ರಾಗಿ ಬೆಳೆಯುವ ತಣ್ಣನೆಯ ಜಾಗ. ಹೊಸೂರಿನಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆಂದರೆ, ಗಾಳಿಗೆ ರಾಗಿ ತೆನೆ ಬಾಗಿ ಏಳುವುದನ್ನು ನೋಡುತ್ತಾ ನೋಡುತ್ತಾ ತಮ್ಮ ಊರು ದಾಟಿ ಹೋಗುತ್ತಿದ್ದರು. ಕಡೇ ಸ್ಟಾಪಿನಲ್ಲಿ ಡ್ರೈವರು ಇಂಜಿನ್ ನಿಲ್ಲಿಸಿದಾಗಲೇ ತಾವು ಬಸ್ಸಿನಲ್ಲಿದ್ದೇವೆ ಅನ್ನುವುದು ನೆನಪಾಗುತ್ತಿದ್ದದ್ದು. ಆಮೇಲೆ ಅದೇ ಬಸ್ಸಿನಲ್ಲಿ ವಾಪಸ್ಸು. ಆಗಲೂ ಊರು ದಾಟಿದ್ದುಂಟು!

ಇಂಥ ಮನುಷ್ಯನಿಗೆ ಬಿಲ್ಲಿನ ಹುಚ್ಚು ಹಿಡಿದದ್ದು ಅತ್ತೆ ಬಿದ್ದ ಮೇಲೆ. ತೋಟದ ತೊಟ್ಟಿಯ ಹತ್ತಿರ ಪಾಚಿಯ ಮೇಲೆ ಕಾಲು ಜಾರಿ ಅತ್ತೆಯ ಬಲಭುಜ ಮುರಿಯಿತು. ಮೂಳೆ ಕೂಡಿತು, ಕೈ ಮಾತ್ರ ಎದೆಯ ಮಟ್ಟದಿಂದ ಮೇಲೇಳಲಿಲ್ಲ. ಹೊಸೂರಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು, ದಿನಾ ಎಳೆದು ಎಳೆದು ಪಳಗಿಸಬೇಕು, ವರ್ಷದೊಳಗೆ ಎಷ್ಟು ಬಂತೋ ಅಷ್ಟೇ, ಆಮೇಲೆ ಕೀಲು ಹಾಗೇ ಕೂತುಬಿಡುತ್ತದೆ. ಕಿಟಕಿಗೆ ಕಟ್ಟಿ ಎಳೆಯಲು ಒಂದು ರಬ್ಬರ್ ಪಟ್ಟಿ ಕೊಟ್ಟರು. ಅತ್ತೆ ಅದನ್ನು ಎರಡು ದಿನ ಎಳೆದು ಬಿಸಾಕಿದರು. "ಕಿಟಕಿಗೆ ರಬ್ಬರ್ ಕಟ್ಕೊಂಡು ಎಳೀತಾ ನಿಂತ್ರೆ ನೋಡ್ದೋರು ಏನಂದಾರು? ಇವ್ಳು ಮನೇನೇ ಕಿತ್ಕೊಂಡು ಹೋಯ್ತಾವ್ಳೆ ಅಂದಾರು!"

ಹೀಗೆ ನಗಿಸಿದರೇ ಹೊರತು ಅತ್ತೆ ಒಳಗೊಳಗೇ ಕುಗ್ಗಿದ್ದರು. ಮುದ್ದೆ ತೊಳಸಲು ಆಗುತ್ತಿರಲಿಲ್ಲ, ತುರುಬು ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ಎರಡನ್ನೂ ಮಾವನೇ ಮಾಡುತ್ತಿದ್ದರು. ಮುದ್ದೆಯಲ್ಲಿ ಗಂಟು ಇರುತ್ತಿತ್ತು, ತುರುಬಿನಲ್ಲಿ ಗಂಟು ನಿಲ್ಲುತ್ತಿರಲಿಲ್ಲ! ಅತ್ತೆ ಮದುವೆ, ನಾಮಕರಣ ಎಲ್ಲ ಬಿಟ್ಟರು. ಯಾರಾದರೂ ಕರೆಯಲು ಬಂದರೆ ಸೆರಗಿನೊಳಗೆ ಕೈ ಮುಚ್ಚಿಕೊಂಡು, ಬತ್ತೀನಿ ಅಂದು, ಹೋಗುತ್ತಿರಲಿಲ್ಲ. ನನ್ನನ್ನು ಎತ್ತಿ ಆಡಿಸಿದ ಕೈ ಅದು.

ಅಂಥ ಹೊತ್ತಿನಲ್ಲಿ ಒಂದು ಸಂಜೆ ಮಾವ ತಮಗಿಂತ ಉದ್ದದ ಒಂದು ಬಿಲ್ಲು ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದರು. ಜೊತೆಯಲ್ಲಿ ನಾನಿದ್ದೆ, ಸಾಯುವಷ್ಟು ನಾಚಿಕೆ! ಹೊಸೂರಿನಾಚೆ ಬಯಲೊಂದರಲ್ಲಿ ಬಿಲ್ಲು ಕಲಿಸುವವರಿದ್ದಾರೆ. ಮಾವ ಅಲ್ಲಿ ಒಂದಿಷ್ಟು ದಿನ ಹೋಗಿ ನಿಂತು ಕಲಿತು, ಈಗಿನ ಕೆಲವು ಬಿಲ್ಲುಗಳ ಹಾಗೆ ಗಾಲಿ ಗೀಲಿ ಇಲ್ಲದ, ಬರೀ ಮರ ಮತ್ತು ದಾರದ, ಕಲಿಯುವವರು ಎಳೆಯುವ ಹಗುರದ ಬಿಲ್ಲೊಂದನ್ನು ಆರಿಸಿ ತಂದಿದ್ದರು. ಕಂಡಕ್ಟರು ಮೇಲಿಂದ ಕೆಳಗೆ ನೋಡಿ, "ಎನ್ನ ಸಾರ್, ಪಂಜು ಅಡಿಕ್ಕಿರದಾ?" ಅಂದ. ಹತ್ತಿ ಹಿಂಜುವ ಬಿಲ್ಲಾ ಅಂತ ಅವನ ಅನುಮಾನ. ಮಾವ ಕಿಟಕಿಯಾಚೆ ನೋಡುತ್ತಲೇ "ಆಮಾಪ್ಪಾ" ಅಂತ ಒಪ್ಪಿಕೊಂಡುಬಿಟ್ಟರು. ಪಕ್ಕದ ಸೀಟಿನ ಅಜ್ಜಿ ತಮ್ಮ ಮನೆಯಲ್ಲಿ ಎರಡು ಹಳೇ ಹಾಸಿಗೆ ಇವೆ, ಯಾವಾಗ ಬರುತ್ತೀರಿ ಅಂತ ನನ್ನನ್ನು ಕೇಳತೊಡಗಿದರು. ಇಳಿಯುವ ತನಕ ಬಿಡಲಿಲ್ಲ.

ಬಿಲ್ಲೇನೋ ಬಂತು, ಬಾಣ ಯಾವುದು? ಅಲ್ಲಿಂದ ಶುರುವಾಯಿತು ನೋಡಿ ಮಾವನ ತಪಸ್ಸು! "ಈ ಬಿಲ್ಲಲ್ಲಿ ಬಾಣ ಹೊರಡೋ ದಾರೀಗೇ ಬಿಲ್ಲಿನ ಮರಾನೇ ಅಡ್ಡ ನಿಂತೈತೆ ಕಣ್ಲಾ" ಅಂತ ನನಗೆ ಪಾಠ ಮಾಡಿದರು. "ಮರಾನ ಗುದ್ದಂಗಿಲ್ಲ, ಗುರೀನ ಬುಡಂಗಿಲ್ಲ. ಮೀನು ಕಲ್ಲು ಬಳಸ್ಕೊಂಡು ಹೋಗಲ್ವಾ, ಹಂಗೆ ಮೈ ಬಳುಕ್ಸಿ ನುಸುಳ್ಕೊಂಡು ಆಮೇಲೆ ನೆಟ್ಟಗಾಗ್ಬೇಕು. ಕಡ್ಡಿ ಗಟ್ಟಿ ಜಾಸ್ತಿಯಾದ್ರೆ ಎಡಕ್ಕೆ ಓಡ್ತದೆ, ಮೆತ್ತಗಾದ್ರೆ ಬಲಕ್ಕೆ ಬತ್ತದೆ. ಸರಿಯಾದ್ದು ಒಂದೇ." ಹೇಳುತ್ತಾ ಹೇಳುತ್ತಾ ಅವರ ಕಣ್ಣು ಎಲ್ಲೋ ತೇಲಿಹೋಯಿತು. ಕೈಯಲ್ಲಿದ್ದ ಕಾಫಿ ಲೋಟವೂ ಮೀನಿನ ಹಾಗೇ ಬಳುಕಿ ನನ್ನ ಪ್ಯಾಂಟಿನ ಮೇಲೆ ಬಂತು.

ಬೇರೆ ಬೇರೆ ನಂಬರಿನ ಕಡ್ಡಿಗಳ ಒಂದು ಕಟ್ಟು ಪಾರ್ಸೆಲ್ಲಿನಲ್ಲಿ ಬಂತು. ಅಚ್ಚು ಹಾಕಿದ ನಂಬರನ್ನು ನಂಬಿದರೆ ಅವರು ಇನ್‌ಸ್ಪೆಕ್ಷನ್ನಿನವರು ಹೇಗಾದಾರು? ಹಜಾರದಲ್ಲಿ ಇಟ್ಟಿಗೆ ನಿಲ್ಲಿಸಿ, ಮೇಲೆ ಕಡ್ಡಿ ಅಡ್ಡ ಇಟ್ಟು, ನಡುವಿಗೆ ಈರುಳ್ಳಿ ತುಂಬಿದ ಚೀಲ ನೇತುಹಾಕಿ, ಎಷ್ಟು ಜಗ್ಗಿತು ಅಂತ ಅಳೆಯತೊಡಗಿದರು. ಈರುಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ತೂಗಿ ಹೊಂದಿಸಿದ್ದರು. ಬೆಳಗ್ಗೆಯೆಲ್ಲ ಲೆಕ್ಕ ಸರಿಯಾಗಿ ಬಂತು. ಊಟದ ಹೊತ್ತಿಗೆ ಎಲ್ಲ ಕಡ್ಡಿಗಳೂ ಇದ್ದಕ್ಕಿದ್ದಂತೆ ಗಟ್ಟಿಯಾಗಿಬಿಟ್ಟವು! ಮಾವ ಕಂಗಾಲು. ಬಿಸಿಲಿಗೆ ಕಾರ್ಬನ್ ಬಿಗಿಯುತ್ತದೋ, ಇಟ್ಟಿಗೆ ಸರಿಯಿತೋ ಅಂತ ನೆಲವನ್ನೆಲ್ಲ ಅಳೆದರು. ಕಡೆಗೆ ಅಡುಗೆಮನೆಯಿಂದ ಒಗ್ಗರಣೆಯ ಘಮ ಬಂದಾಗ ಗೊತ್ತಾಯಿತು, ಅತ್ತೆ ಚೀಲದಿಂದ ಎರಡು ಈರುಳ್ಳಿ ತೆಗೆದಿದ್ದರು. "ಮನೇಲಿರೋ ಈರುಳ್ಳೀನ ನೇಣಾಕ್ಬುಟ್ರೆ ನಾನೇನು ಸಾರಿಗೆ ಬಾಣ ಹೆಚ್ಚಾಕ್ಲಾ?"

ಅಲ್ಲಿಂದಾಚೆ ಲೋಕದಲ್ಲಿ ಬಾಗುವ ವಸ್ತು ಯಾವುದೂ ಮಾವನ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ಬೇರಿಕೆ ಸಂತೆಯಲ್ಲಿ ನುಗ್ಗೇಕಾಯಿಯನ್ನು ಎರಡು ಬೆರಳ ಮೇಲಿಟ್ಟು, ನಡುವೆ ಒತ್ತಿ, ತಲೆದೂಗಿ, ಕೆಳಗಿಟ್ಟು, ಇನ್ನೊಂದು ಎತ್ತಿಕೊಂಡು, ಹೀಗೇ ಅರ್ಧ ರಾಶಿ ಮುಗಿಸಿದರು. ಮಾರುವಾಕೆಗೆ ತಾಳ್ಮೆ ಕೆಟ್ಟಿತು. "ಏಂ ಸಾರ್, ಕೊಂಟಾರಾ, ಲೇಕ ಪೆಳ್ಳಿ ಚೂಪುಲಾ?" ಅಂದಳು. ಕೊಳ್ಳುತ್ತೀರೋ, ಇಲ್ಲ ಹೆಣ್ಣು ನೋಡೋಕೆ ಬಂದಿದ್ದೀರೋ! ಮಾವ ಗಂಭೀರವಾಗಿ, "ಇದಿ ಆರುನೂರಮ್ಮಾ, ಬಾಗುಂದಿ" ಅಂದರು. ಇದು ಆರುನೂರು, ಚೆನ್ನಾಗಿದೆ ಅನ್ನುವ ಆ ಅರ್ಧ ತೆಲುಗು ಅರ್ಧ ಕನ್ನಡವನ್ನು ಬೆಲೆ ಆರುನೂರು ಅಂತ ಕೇಳಿಸಿಕೊಂಡು, ಪಕ್ಕದಲ್ಲಿ ಸೊಪ್ಪು ಕೊಳ್ಳುತ್ತಿದ್ದವರು ಗಾಬರಿಯಿಂದ ಚೀಲ ಮುಚ್ಚಿಕೊಂಡು ಹೊರಟರು.

ಸರಿ, ಬಾಣ ಬಿಡುವವರು ಯಾರು? "ನಾನಲ್ಲ" ಅಂದರು ಮಾವ. "ಬುಟ್ಟೋನಿಗೆ ತನ್ನ ಬಾಣ ಬಳುಕೋದು ಕಾಣಲ್ಲ. ಇವ್ಳು ಬುಡ್ಲಿ, ನಾನು ಹಿಂದೆ ನಿಂತು ನೋಡ್ತೀನಿ."

"ಏನಂದ್ರೆ, ಊರಲ್ಲಿ ಇನ್ಯಾರೂ ಸಿಗ್ಲಿಲ್ವಾ? ಕೈ ಮುರ್ಕೊಂಡೋಳೇ ಬೇಕಿತ್ತಾ?"

"ನಿನ್ನ ಅಳತೆಗೇ ತಂದಾಗೋಯ್ತು. ಅವ್ರು ವಾಪಸ್ ತಗಳಲ್ಲ."

ತಂದ ಸಾಮಾನು ದಂಡವಾಗುವುದನ್ನು ಅತ್ತೆ ಹುಟ್ಟಿದಾರಭ್ಯ ಸಹಿಸಿದವರಲ್ಲ. ಇದೆಲ್ಲ ತನ್ನ ಕೈಗೋಸ್ಕರ ಅಂತ ಅವರಿಗೆ ಗೊತ್ತಿಲ್ಲವೇ? ನಮಗೆಲ್ಲರಿಗೂ ಗೊತ್ತಿತ್ತು. ಮಾವ ಹೇಳಲಿಲ್ಲ, ನಾವು ಕೇಳಲಿಲ್ಲ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ನಡೆದರು.

ನಾನು ಭಾನುವಾರಗಳಲ್ಲಿ ಹೋಗುತ್ತಿದ್ದೆ. ಆ ಬೆಳಗುಗಳು ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ. ತಳಿ ಕಡೆಯ ಮಂಜು ಗೊತ್ತಲ್ಲ, ಏಳು ಗಂಟೆಯಾದರೂ ಹೊಲದ ಮೇಲೆ ಮಲಗಿಯೇ ಇರುತ್ತದೆ. ರಾಗಿಹುಲ್ಲಿನ ಮೆದೆ ಗುರಿ. ಅದರ ಎಡಕ್ಕೆ ಕೋಸಿನ ಪಾತಿ, ಬಲಕ್ಕೆ ಚೆಂಡುಹೂವು. ಅಷ್ಟು ಹೊತ್ತಿಗೆ ಆ ಕಡೆ ಯಾರೂ ಸುಳಿಯುವುದಿಲ್ಲ, ಆದರೂ ಮಾವ ಮೊದಲು ಹೋಗಿ ಸುತ್ತಾಡಿಕೊಂಡು ಬಂದು "ಹೂಂ" ಅನ್ನುವರು. ಅತ್ತೆ ಹಲ್ಲು ಕಚ್ಚಿ ಮೊಣಕೈ ಎತ್ತುವರು. ಮೊದಮೊದಲು ದಾರ ಒಂದು ಗೇಣೂ ಹಿಂದಕ್ಕೆ ಬರುತ್ತಿರಲಿಲ್ಲ. ಬಿಟ್ಟ ಬಾಣ ಮಂಜಿನೊಳಗೆ ಕರಗಿಹೋಗುತ್ತಿತ್ತು. ಆಮೇಲೆ ಮೂವರೂ ಉಸಿರು ಹಿಡಿದು ಕಿವಿಗೊಟ್ಟು ನಿಲ್ಲುತ್ತಿದ್ದೆವು. ಎಲ್ಲಿಂದಲೋ ಒಂದು ಸದ್ದು, ಪಚಕ್! ಕೋಸು.

"ಎಡ" ಅನ್ನುವರು ಮಾವ, ನಿದ್ದೆಯಲ್ಲಿ ಮಾತಾಡುವವರ ಹಾಗೆ.

ಆ ಚಳಿಗಾಲವೆಲ್ಲ ನಾವು ತಿಂದದ್ದು ಬಾಣ ಬಿದ್ದ ಕೋಸಿನ ಪಲ್ಯ! ಆಯುಧಪೂಜೆಯ ದಿನ ಅತ್ತೆ ಬಾಣಗಳಿಗೂ ಎಡಗೈಯಲ್ಲಿ ಅರಿಶಿನ ಕುಂಕುಮ ಇಟ್ಟರು. "ಈ ಕಾರ್ಬನ್ ಅಂದ್ರೆ ಏನು?" ಅಂತ ಕೇಳಿದರು. "ಇದ್ದಿಲು ಕಣೆ" ಅಂದರು ಮಾವ. ಅತ್ತೆ ಇಟ್ಟ ಕುಂಕುಮವನ್ನೇ ವಾಪಸ್ಸು ತೆಗೆಯುವ ಹಾಗೆ ನೋಡಿದರು. "ಇದ್ದಿಲನ್ನ ಪಾರ್ಸೆಲ್ ತರಿಸ್ಕೊಂಡ್ರಾ? ಒಲೇಲಿ ಬೇಕಾದಷ್ಟು ಬಿದ್ದಿತ್ತಲ್ಲ!"

ಇಷ್ಟು ಸಾಲದು ಅಂತ ಮಾವ ಒಂದು ದಿನ ಬಾಣಗಳ ಗರಿಯನ್ನೆಲ್ಲ ಕಿತ್ತರು. ಗರಿ ಇದ್ದರೆ ಅದು ಬಾಣವನ್ನು ಹೇಗೋ ದಾರಿಗೆ ತಂದುಬಿಡುತ್ತದಂತೆ, ಕಡ್ಡಿಯ ನಿಜ ಗೊತ್ತಾಗುವುದಿಲ್ಲವಂತೆ. "ಸಂಬಳ ಇದ್ದಂಗೆ ಕಣ್ಲಾ ಗರಿ. ಇರೋಗಂಟ ಮನುಷ್ಯನ ಓರೆಕೋರೆ ಕಾಣಲ್ಲ. ರಿಟೈರ್ ಆಗ್ಲಿ, ಗೊತ್ತಾಯ್ತದೆ" ಅಂದರು. ಅತ್ತೆ ಪಕ್ಕದಿಂದ "ಗೊತ್ತಾಯ್ತಾ ಐತೆ" ಅಂದರು.

ಸಂಕ್ರಾಂತಿ ಕಳೆದ ಮೇಲೆ ಎಂಟುನೂರರ ಬಾಣ ಮೊದಲ ಸಲ ಮೆದೆಗೇ ಹೋಗಿ ನಾಟಿತು. ಸದ್ದೇ ಬೇರೆ, ಧಪ್ ಅಂತ ಮೆತ್ತಗೆ. ನಾನು ಕುಣಿದಾಡಿದೆ. "ಸಿಕ್ತು ಮಾವ! ಎಂಟುನೂರೇ ಸರಿ!" ಮಾವ ಮಾತ್ರ ಮಂಜನ್ನೇ ನೋಡುತ್ತಾ ನಿಂತಿದ್ದರು. "ಇನ್ನೂ ನೋಡಾನ ಬುಡು" ಅಂದರು. ನನಗೆ ರೇಗಿತು. ಗುರಿಗೆ ಬಿದ್ದ ಮೇಲೆ ಇನ್ನೇನು ನೋಡುವುದು?

ವಾರಗಳು ಕಳೆದವು. ಮೊನ್ನೆ ಭಾನುವಾರ ನಾನು ಹೋದಾಗ ಎಂಟುನೂರು ಮತ್ತೆ ದಾರಿ ತಪ್ಪಿತ್ತು, ಈ ಸಲ ಬಲಕ್ಕೆ. ಅತ್ತೆ ಬಿಟ್ಟದ್ದೆಲ್ಲ ಮಂಜಿನಲ್ಲಿ ಮಾಯವಾಗಿ ಚೆಂಡುಹೂವಿನಲ್ಲಿ ಸರ್ ಅಂತ ಇಳಿಯುತ್ತಿತ್ತು. ಒಂದೂ ಗುರಿಗೆ ಬೀಳಲಿಲ್ಲ. ಮಾವನ ಮುಖ ನೋಡಬೇಕಿತ್ತು! ಬಾಯಿ ತುಂಬ ನಗು. ಅಡುಗೆಮನೆಗೆ ಓಡಿ ಬೆಲ್ಲ ತಂದು ನನ್ನ ಬಾಯಿಗೂ ತುರುಕಿದರು. ಬಾಣ ತಪ್ಪಿದ್ದಕ್ಕೆ ಬೆಲ್ಲ ಹಂಚುವ ಬಿಲ್ಲುಗಾರ ಲೋಕದಲ್ಲಿ ಇನ್ನೊಬ್ಬರಿದ್ದಾರೆಯೇ?

ಅತ್ತೆ ಒಳಗೆ ಹೋದ ಮೇಲೆ ಕೇಳಿಯೇಬಿಟ್ಟೆ. "ಏನ್ ಮಾವ ಇದು? ಇದ್ದ ಒಂದು ಸರಿಯಾದ ಬಾಣಾನೂ ಕೆಟ್ಟೋಯ್ತು, ನೀವು ನೋಡಿದ್ರೆ ನಗ್ತಿದೀರ!"

ಮಾವ ಮೆಟ್ಟಿಲ ಮೇಲೆ ಕೂತರು. "ಬಾಣ ಕೆಟ್ಟಿಲ್ಲ ಕಣ್ಲಾ. ಬಾಣ ಅದೇ. ಬಿಲ್ಲೂ ಅದೇ. ಜೋರಾಗಿ ಎಳುದ್ರೆ ಅದೇ ಕಡ್ಡಿ ಜಾಸ್ತಿ ಬಳುಕ್ತದೆ, ಬಲಕ್ಕೆ ಬತ್ತದೆ. ಹಂಗಾದ್ರೆ ಬದಲಾಗಿರೋದು ಯಾವುದು, ನೀನೇ ಹೇಳು."

ನನಗೆ ಆಗ ಹೊಳೆಯಿತು. ಮೇಷ್ಟ್ರು ಬೇರೆ ನಾನು! ಮೊದಲು ಒಂದು ಗೇಣು ಎಳೆಯಲಾಗದ ಕೈ ಅವತ್ತು ದಾರವನ್ನು ಕೆನ್ನೆಯ ತನಕ ತಂದಿತ್ತು. ನಾನು ಬಾಣ ಬೀಳುವ ಜಾಗವನ್ನೇ ನೋಡುತ್ತಿದ್ದೆ, ಈ ಮನುಷ್ಯ ಪ್ರತಿದಿನ ಹಿಂದೆ ನಿಂತು ನೋಡುತ್ತಿದ್ದದ್ದು ಅತ್ತೆಯ ಮೊಣಕೈಯನ್ನು. ಒಳಗೆ ಅತ್ತೆ ಮುದ್ದೆ ತೊಳಸುವ ಸದ್ದು ಕೇಳುತ್ತಿತ್ತು.

"ಡಾಕ್ಟ್ರು ಕೊಟ್ಟ ವರ್ಷ ಮುಗ್ದೋಯ್ತು" ಅಂದರು ಮಾವ, ದನಿ ತಗ್ಗಿಸಿ. "ಇನ್ನು ಬರಾಕಿಲ್ಲ ಅಂದಿದ್ರು. ಬತ್ತಾ ಐತೆ. ಅದ್ಕೇ ಇದ ತರಿಸ್ದೆ." ಬಾಗಿಲ ಹಿಂದಿನಿಂದ ಹೊಸ ಕಟ್ಟೊಂದನ್ನು ಎಳೆದು ತೋರಿಸಿದರು. ಆರುನೂರರ ಕಡ್ಡಿಗಳು. ಬೆರಳಲ್ಲಿ ಒತ್ತಿದೆ, ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

"ಮಾವ, ಇದು ಅತ್ತೆ ಕೈಗೆ ವಿಪರೀತ ಗಟ್ಟಿ ಆಯ್ತದಲ್ಲ?"

"ಈಗ ಆಯ್ತದೆ. ಆಗ್ಲಿ ಬುಡು" ಅಂದರು. ಆ ಕಡ್ಡಿಗಳನ್ನು ಮೆಲ್ಲಗೆ ಸವರುತ್ತಾ, ಅದೇ ಕನಸಿನ ಕಣ್ಣಿನಲ್ಲಿ, "ಬೆಳೆಯೋ ಮಕ್ಳಿಗೆ ಒಂದು ಸೈಜು ದೊಡ್ಡದೇ ತರಬೇಕು ಕಣ್ಲಾ" ಅಂದರು.

ಬರುವ ಯುಗಾದಿಗೆ ಅತ್ತೆಗೆ ಅರವತ್ತು ತುಂಬುತ್ತದೆ.