ಆಲ್ತಾರಿನ ಮೇಲಿನ ನೇರಳೆ ಗಂಟು

ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲಕ್ಕೆಂದು ರೆಮೆದಿನಬಾಯಿ ಬಿಟ್ಟದ್ದು ಮೀನಲ್ಲ, ಮಾಂಸವಲ್ಲ, ಕಾದಂಬರಿ. ಮೀನು ಬಿಟ್ಟಿದ್ದರೆ ಊರಿಗೆಲ್ಲ ಹೇಳಿಕೊಂಡು ತಿರುಗಬಹುದಿತ್ತು. ಕಾದಂಬರಿ ಬಿಟ್ಟೆ ಅಂದರೆ, ಇಷ್ಟು ದಿನ ಓದುತ್ತಿದ್ದೆ ಅಂತ ಒಪ್ಪಿಕೊಂಡಂತೆ.

ಗಂಡ ಇನಾಸ ಕ್ಯಾಸಲ್‌ರಾಕ್‌ನಲ್ಲಿ ರೈಲು ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದ. ದಾಂಡೇಲಿಯ ಎರಡು ಕೋಣೆಯ ಮನೆಯಲ್ಲಿ ಮಗಳು ಮೆಲಿಟಾ, ಒಂದು ಹೊಲಿಗೆ ಯಂತ್ರ, ಗ್ರಂಥಾಲಯದಿಂದ ತಂದ ದಪ್ಪ ಪುಸ್ತಕಗಳು, ಇಷ್ಟೇ ರೆಮೆದಿನಬಾಯಿಯ ಜೊತೆ. ಸಂಜೆ ಏಳೂವರೆಗೆ ಇನಾಸನ ಫೋನು ಬರುತ್ತಿತ್ತು. ಅಂದು ಓದಿದಷ್ಟು ಕತೆಯನ್ನು ಇವಳು ಹೇಳುವಳು. ಆ ಕಾಡಿನಲ್ಲಿ ಕೂತು ಅವನು ಹೂಂ ಹೂಂ ಅನ್ನುವನು. ಹೋದ ಈಸ್ಟರಿಗೆ ಅವನಿಗೆ ರಜೆ ಸಿಗಲಿಲ್ಲ. ಕ್ರಿಸ್‌ಮಸ್ಸಿಗೂ ಸಿಗಲಿಲ್ಲ. ಈ ಈಸ್ಟರಿಗಾದರೂ ಸಿಗಲಿ ಎಂದು ಹರಕೆ ಹೊತ್ತು, ತಪಸ್ಸಿನ ಕಾಲದ ಮೊದಲ ದಿನವಾದ ಬೂದಿ ಬುಧವಾರದಿಂದ ಅವಳು ಪುಸ್ತಕ ಮುಚ್ಚಿಟ್ಟಳು.

ಮುಚ್ಚಿಟ್ಟದ್ದು ಕೊನೆಯ ಮೂವತ್ತು ಪುಟ ಉಳಿದಿರುವಾಗ. ಕತೆಯಲ್ಲಿ, ದೂರದ ಬಂದರಿಗೆ ದುಡಿಯಲು ಹೋದ ಗಂಡನನ್ನು ಹನ್ನೊಂದು ವರ್ಷದಿಂದ ಕಾಯುತ್ತಿದ್ದ ನೀಲಾ ಎಂಬವಳು, ಹೊರಗೆ ಸಪ್ಪಳವಾಯಿತೆಂದು ಬಾಗಿಲ ಅಗುಳಿಗೆ ಕೈ ಹಾಕಿದ್ದಳು. ಮೂವತ್ತೇಳು ದಿನದಿಂದ ಆ ಕೈ ಅಗುಳಿಯ ಮೇಲೆಯೇ ಇತ್ತು. ಹೊಲಿಗೆ ಯಂತ್ರ ತುಳಿಯುತ್ತ ರೆಮೆದಿನಬಾಯಿ ದಿನಕ್ಕೊಂದು ಕೊನೆಯನ್ನು ತಾನೇ ಕಟ್ಟುತ್ತಿದ್ದಳು. ಒಂದು ದಿನ ಹೊರಗಿದ್ದವನು ಗಂಡ, ಒಂದು ದಿನ ಟಪಾಲಿನವ, ಮೈ ಕೈ ನೋಯುತ್ತಿದ್ದ ದಿನ ಬರೀ ನಾಯಿ.

ಕತೆ ಮುಂದೇನಾಯಿತೆಂದು ಇನಾಸ ಕೇಳಿದಾಗಲೆಲ್ಲ, "ಈಸ್ಟರಿಗೆ ಬರ್ರಿ, ಎದುರಿಗೆ ಕೂಡಿಸಿಕೊಂಡು ಹೇಳ್ತೇನಿ," ಅನ್ನುತ್ತಿದ್ದಳು.

ಕಪಾಟಿನ ಮೇಲಿಟ್ಟ ಪುಸ್ತಕದತ್ತ ಕೈ ಎರಡು ಸಲ ತಾನಾಗಿ ಹೋಗಿತ್ತು. ಗುರುವಾರ ಸಂಜೆ ಗಟ್ಟಿ ಮನಸ್ಸು ಮಾಡಿ, ಚರ್ಚಿನ ಮೂರ್ತಿಗಳಿಗೆ ಮುಸುಕು ಹೊಲಿದು ಉಳಿದಿದ್ದ ನೇರಳೆ ಬಟ್ಟೆಯಲ್ಲಿ ಅದನ್ನು ಸುತ್ತಿದಳು. ಮೂರು ಗಂಟು ಹಾಕಿ, ಮನೆಯ ದೇವಪೀಠವಾದ ಆಲ್ತಾರಿನ ಮೇಲೆ ಶಿಲುಬೆಯ ಪಕ್ಕದಲ್ಲಿ ನಿಲ್ಲಿಸಿದಳು. ದೇವರ ಕಣ್ಣೆದುರಿನಿಂದ ಕದಿಯುವಷ್ಟು ಧೈರ್ಯ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯ ಶಿವವ್ವ ಗಂಟನ್ನು ಕಂಡು ನಿಂತಳು. ಈಸ್ಟರಿಗೆ ಎರಡು ವಾರವಿರುವಾಗ ಚರ್ಚಿನಲ್ಲಿ ಮೂರ್ತಿಗಳಿಗೆ ನೇರಳೆ ಮುಸುಕು ಹಾಕುತ್ತಾರೆಂದು ಇಡೀ ಓಣಿಗೆ ಗೊತ್ತು.

"ಬಾಯಿ, ಇದು ಯಾವ ದೇವರ್ರಿ? ಗೋವಾದಿಂದ ತರಿಸೀರೇನು?"

ರೆಮೆದಿನಬಾಯಿ ಬಾಯಿ ತೆರೆಯುವಷ್ಟರಲ್ಲಿ ಮೆಲಿಟಾ, ಈಸ್ಟರ್ ತನಕ ಅದನ್ನು ಯಾರೂ ಮುಟ್ಟಬಾರದಂತೆ, ಮಮ್ಮಿ ಹರಕೆ ಹೊತ್ತಿದ್ದಾಳೆ ಎಂದಳು. ಹುಡುಗಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಶಿವವ್ವ ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟಿದ್ದೇನೆಯೇ ಎಂದು ತಿರುಗಿ ನೋಡಿ ಖಾತ್ರಿ ಮಾಡಿಕೊಂಡು ಕೈ ಮುಗಿದಳು.

ಹತ್ತು ಗಂಟೆಗೆ ಅವಳೇ ಒಂದು ತೆಂಗಿನಕಾಯಿ ತಂದಿಟ್ಟಳು. ಹನ್ನೊಂದಕ್ಕೆ ಚರ್ಚಿನ ಕಡೆಯ ನಾಲ್ಕು ಹೆಂಗಸರು ಮೇಣದಬತ್ತಿ ಹಿಡಿದು ಬಂದರು. ಗಂಟಿನ ಆಕಾರ ನೋಡಿ ಒಬ್ಬರು ಬಾಲಯೇಸು ಎಂದರು, ಇನ್ನೊಬ್ಬರು ಕೂತ ಮಾತೆ ಎಂದರು. ಹೇಳಬೇಕೆಂದು ರೆಮೆದಿನಬಾಯಿ ಎರಡು ಸಲ ಗಂಟಲು ಸರಿಮಾಡಿಕೊಂಡಳು. ಆದರೆ ವಾರದ ಪ್ರಾರ್ಥನೆ ನಡೆಸುವ ಪಾಸ್ಕು ಮಾಮ, ಈ ನಲವತ್ತು ದಿನದಲ್ಲಿ ಕಾದಂಬರಿ ಓದುವವರು ಸೈತಾನನ ಮನೆಗೆ ಊಟಕ್ಕೆ ಹೋದಂತೆ ಎಂದು ಮೊದಲ ವಾರವೇ ಸಾರಿದ್ದರು. ಅವಳು ಕಾಯಿಯನ್ನು ಬದಿಗೆ ಸರಿಸಿ ಮೇಣದಬತ್ತಿಗಳಿಗೆ ಜಾಗ ಮಾಡಿದಳು.

ಮಧ್ಯಾಹ್ನ ಗಂಟನ್ನು ಟ್ರಂಕಿಗೆ ಸಾಗಿಸಲು ನೋಡಿದಳು. ಕೈ ಚಾಚುವ ಹೊತ್ತಿಗೆ ಎದುರು ಮನೆಯ ಶಹನಾಜ ಬಾಗಿಲಲ್ಲಿ ನಿಂತಿದ್ದಳು. ಮೊನ್ನೆಯಷ್ಟೇ ರೋಜಾ ಮುಗಿಸಿ ಈದ್ ಮಾಡಿದವಳು. ಹರಕೆಯ ಬೆಲೆ ಬಲ್ಲವಳು.

"ಇಷ್ಟು ದಿನ ತಡದೀರಿ, ಇನ್ನ ಎಂಟು ದಿನಕ್ಕ ಕೈ ಹಚ್ಚಬ್ಯಾಡ್ರಿ," ಎಂದು ಬುದ್ಧಿ ಹೇಳಿದಳು. ನಮ್ಮಲ್ಲಿ ಮೂರ್ತಿಗೆ ಬೇಡಿಕೊಳ್ಳುವುದಿಲ್ಲ, ಆದರೆ ನೀವು ನಿಮ್ಮ ಪ್ರಾರ್ಥನೆ ಮಾಡುವಾಗ ನಮ್ಮ ಹುಡುಗಿ ಆಲಿಯಾಳ ಗಣಿತದ ಪೇಪರನ್ನು ಸ್ವಲ್ಪ ನೆನೆಸಿಕೊಳ್ಳಿ ಎಂದು ಮೆಲ್ಲಗೆ ಸೇರಿಸಿದಳು.

ಸಂಜೆ ಶಿಲುಬೆ ಹಾದಿಯ ಪ್ರಾರ್ಥನೆ ಈ ಸಲ ಇವರ ಮನೆಯಲ್ಲೇ ಆಗಬೇಕೆಂದು ಪಾಸ್ಕು ಮಾಮ ಹೇಳಿ ಕಳಿಸಿದರು. ಇಪ್ಪತ್ತು ಜನ ಬಂದು ಒತ್ತರಿಸಿ ಕೂತರು. ಯೇಸು ಶಿಲುಬೆ ಹೊತ್ತು ನಡೆದ ಹಾದಿಯನ್ನು ನೆನೆಯುವ ಹದಿನಾಲ್ಕೂ ಸ್ಥಳಗಳಲ್ಲಿ ಎಲ್ಲರೂ ಗಂಟಿನ ಕಡೆಗೇ ಮೊಣಕಾಲೂರಿದರು. ಒಂಬತ್ತನೆಯದರಲ್ಲಿ, ಕರ್ತರು ಮೂರನೇ ಬಾರಿ ಬೀಳುವಲ್ಲಿ, ಮಾಮನ ದನಿ ಒಡೆಯಿತು. ರೆಮೆದಿನಬಾಯಿಗೂ ಅಳು ಬಂತು. ಅವಳ ಭಕ್ತಿ ನೋಡಿ ಹೆಂಗಸರು ಇನ್ನಷ್ಟು ಅತ್ತರು.

ಪ್ರಾರ್ಥನೆ ಮುಗಿಸಿ ಮಾಮ ಎದ್ದು ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಇಂಥ ಮೂರ್ತಿ ಒಂದು ಮನೆಯಲ್ಲಿ ಇರಬಾರದು, ನಾಳೆಯೇ ಚರ್ಚಿಗೆ ಒಯ್ಯೋಣ, ಈಸ್ಟರಿನ ಪೂಜೆಯಲ್ಲಿ ಇಡೀ ಊರಿನ ಮುಂದೆ ಪಾದ್ರಿಗಳ ಕೈಯಿಂದ ಮುಸುಕು ತೆಗೆಸೋಣ ಎಂದರು.

ರೆಮೆದಿನಬಾಯಿಯ ಕಣ್ಣಿಗೆ ಆ ದೃಶ್ಯ ಕಟ್ಟಿತು. ಪಾದ್ರಿಗಳ ಕೈ, ಜಾರುವ ನೇರಳೆ ಬಟ್ಟೆ, ಮುಖಪುಟದಲ್ಲಿ ಕೂದಲು ಬಿಚ್ಚಿಕೊಂಡು ಕೂತ ನೀಲಾ, ಕೆಳಗೆ ಗ್ರಂಥಾಲಯದ ಠಸ್ಸೆ.

"ಮಾಮ, ಅದು ದೇವರಲ್ರಿ. ಕಾದಂಬರಿ."

ಬಾಗಿಲ ಬಳಿಯಿಂದ ಶಿವವ್ವನ ದನಿ ಕೇಳಿಸಿತು. "ಹಂಗಾದ್ರ ನನ್ನ ಕಾಯಿ?"

ರೆಮೆದಿನಬಾಯಿ ನೆಲ ನೋಡುತ್ತ ಎಲ್ಲ ಹೇಳಿದಳು. ರಜೆಯ ಹರಕೆ, ಉಳಿದ ಮೂವತ್ತು ಪುಟ, ಅಗುಳಿಯ ಮೇಲಿನ ಕೈ. ಪಾಸ್ಕು ಮಾಮ ಒಂದೊಂದೇ ಗಂಟು ಬಿಚ್ಚಿ ಪುಸ್ತಕವನ್ನು ಬೆಳಕಿಗೆ ಹಿಡಿದರು. ಮುಖಪುಟ ನೋಡಿದ್ದೇ ಅವರ ಮುಖ ಮೆತ್ತಗಾಯಿತು.

"ಇದಕ್ಕ ಇಷ್ಟು ಸಂಕಟ ಪಟ್ಟೀ ಏನು ಮಗಳ? ಇದರಾಗ ಏನೂ ಇಲ್ಲ. ಅವ ಬರೂದಿಲ್ಲ. ಬಾಗಿಲಾಗ ಯಾರೂ ಇರೂದಿಲ್ಲ, ಬರೀ ಗಾಳಿ."

ಇಪ್ಪತ್ತು ತಲೆಗಳು ಮಾಮನ ಕಡೆ ತಿರುಗಿದವು. ಮಾಮ ಕೆಮ್ಮಿ, ಹೋದ ವರ್ಷ ಕಾಲು ಮುರಿದು ಮಲಗಿದ್ದಾಗ ಬೇರೇನೂ ಕೈಗೆ ಸಿಗಲಿಲ್ಲ ಎಂದು ಗೋಡೆಗೆ ಹೇಳಿದರು. ಆಮೇಲೆ, ಇನ್ನು ನಿನಗೆ ಓದುವ ಆಸೆಯೇ ಇರುವುದಿಲ್ಲ, ಹರಕೆ ಸಲೀಸಾಗಿ ತೀರುತ್ತದೆ ಎಂದು ಅವಳನ್ನು ಸಮಾಧಾನ ಮಾಡಿ ಕೊಡೆ ಹುಡುಕತೊಡಗಿದರು.

ಜನ ಹೋದರು. ಕಾಯಿ ಶಿವವ್ವನ ಜೊತೆ ಹೋಯಿತು. ರೆಮೆದಿನಬಾಯಿ ಪುಸ್ತಕವನ್ನು ಮತ್ತೆ ಸುತ್ತಿ, ಮೂರು ಗಂಟು ಹಾಕಿ, ಇದ್ದಲ್ಲಿಯೇ ಇಟ್ಟಳು. ಹರಕೆ ಹರಕೆಯೇ. ಆದರೆ ಬಿಡುವುದಕ್ಕೆ ಅದರಲ್ಲಿ ಈಗ ಏನೂ ಉಳಿದಿರಲಿಲ್ಲ.

ಏಳೂವರೆಗೆ ಫೋನು ಬಂತು. ಊಟವಾಯಿತೇ, ಮೆಲಿಟಾ ಓದಿದಳೇ ಎಂದೆಲ್ಲ ಕೇಳಿದ ಮೇಲೆ ಇನಾಸ ಕತೆಗೆ ಬಂದ.

"ರೆಮ್ಮಿ, ಆ ಕತಿದು ಕಡೀಕ ಏನಾತು, ಇವತ್ತ ಹೇಳಿಬಿಡು."

"ಈಸ್ಟರಿಗೆ ಬಂದಾಗ ಹೇಳ್ತೇನಿ ಅಂದಿದ್ದೆನಲ್ರಿ."

"ಇವತ್ತ ಹೇಳು. ಅವ ಬರ್ತಾನೇನು?"

ರೆಮೆದಿನಬಾಯಿ ನೇರಳೆ ಗಂಟನ್ನು ನೋಡಿದಳು. ತಪಸ್ಸಿನ ಕಾಲದಲ್ಲಿ, ಶಿಲುಬೆಯ ಎದುರಿಗೇ ನಿಂತು, ತಾನು ಕಟ್ಟಿದ ಮೂವತ್ತೇಳು ಕೊನೆಗಳಲ್ಲಿ ತನಗೆ ಎಲ್ಲಕ್ಕಿಂತ ಮೆಚ್ಚಾಗಿದ್ದ ಕೊನೆಯನ್ನು ಹೇಳಿದಳು.

"ಬರ್ತಾನ್ರಿ. ಹಬ್ಬದ ದಿನ, ಮುಂಜಾನಿ ಗಾಡಿಗೆ."

ಆ ಕಡೆ ಘಾಟಿನಲ್ಲಿ ಗೂಡ್ಸ್ ಗಾಡಿಯೊಂದು ಹಾದುಹೋಯಿತು. ಅದರ ಕೊನೆಯ ಡಬ್ಬಿ ದಾಟಿದ ಮೇಲೆ ಇನಾಸನ ದನಿ ಮತ್ತೆ ಕೇಳಿಸಿತು.

"ಚಲೋ ಆತು," ಅಂದ. "ಅವಗಾದ್ರೂ ರಜಾ ಸಿಕ್ತಲ್ಲ."