ದಿವಾನರಿಗೆ ಒಂದು ಜಾಗ

ಕುದುರೆ ಕಂಡರೆ ಕಾಲುನೋವು ಎಂದು ಹಿರಿಯರು ಗಾದೆ ಮಾಡಿಟ್ಟರು. ಪಾಪ, ಅವರು ಕಂಡಷ್ಟಕ್ಕೇ ನಿಲ್ಲಿಸಿದರು. ಕುದುರೆ ಕೊಂಡರೆ ಮೈಯೆಲ್ಲ ನೋವು. ಅಕ್ಕಪಕ್ಕದವರಿಗೆ ನಕ್ಕು ನಕ್ಕು ಹೊಟ್ಟೆನೋವು. ಇದು ಕಟ್ಟುಕತೆಯಲ್ಲ, ಕುದುರೆ ಕಟ್ಟಲು ಜಾಗವಿಲ್ಲದವರ ಕತೆ. ಅಕ್ಷರಶಃ ನಿಜ.

ಕನ್ನಡಕದ ಅಂಗಡಿಯವರಿಗೆ ‘ಉಪಕಾರಪ್ಪ’ ಎಂಬ ಹೆಸರು ಬಿದ್ದದ್ದು ಅವರ ನಾಲಿಗೆಯಿಂದಲೇ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ತುಳಿದವರು ಕಾಲು ತೆಗೆದದ್ದಕ್ಕೆ “ಬಹಳ ಉಪಕಾರ ಆಯ್ತು” ಎನ್ನುವ ಜೀವ ಅದು. ಹಲ್ಲು ಕಿತ್ತ ಡಾಕ್ಟರಿಗೂ ಬಾಯಲ್ಲಿ ಹತ್ತಿ ಇಟ್ಟುಕೊಂಡೇ “ಉಹಹಾರ” ಎಂದವರು.

ಇಂಥವರು ಒಂದು ಕುದುರೆ ಕೊಂಡರು. ಅದರ ಅಪ್ಪ ಮರದ ದಿಮ್ಮಿ ಎಳೆಯುವ ದೈತ್ಯ ತಳಿ; ಅಮ್ಮ ಪಾರ್ಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತುವ ಮೋಟು ತಟ್ಟು. ಇಂಥ ಸಂಬಂಧ ಹೇಗೆ ಕುದುರಿತೋ ದೇವರೇ ಬಲ್ಲ, ಕುದುರಿದ್ದರಿಂದಲೇ ಕುದುರೆಯಾಯಿತು. ಬೆನ್ನು ಅಪ್ಪನದು, ಕಾಲು ಅಮ್ಮನದು. ದೂರದಿಂದ ನೋಡಿದರೆ ಬಾಲ ಬಂದ ಮಂಚ. ಉಪಕಾರಪ್ಪನವರು ರಾಜಮರ್ಯಾದೆಯಿಂದ ‘ದಿವಾನ್’ ಎಂದು ಹೆಸರಿಟ್ಟರೆ, ಬೀದಿಯವರು “ಹಾಸಿಗೆ ದಿಂಬು ಸಮೇತ ಕೊಟ್ರಾ?” ಎಂದು ಕೇಳಿದರು.

“ಅಡ್ಡತಳಿ ಅಂದ್ರಿ, ನಿಜವಾಗ್ಲೂ ಅಡ್ಡಡ್ಡಕ್ಕೇ ಬೆಳೆದಿದೆಯಲ್ರೀ!” ಎಂದರು ಎದುರುಮನೆಯ ಲಾಯರು.

“ಗಮನಿಸಿದ್ರಲ್ಲ, ಉಪಕಾರ ಆಯ್ತು.”

ಕುದುರೆ ಕೊಂಡವರು ಸುಮ್ಮನೆ ಹುಲ್ಲು ಹಾಕಿಕೊಂಡಿರಬಾರದೇ? ಇವರು ಈವೆಂಟಿಂಗ್‌ಗೆ ಇಳಿದರು. ಅಂದರೆ ಒಂದೇ ದಿನದಲ್ಲಿ ಮೂರು ಪರೀಕ್ಷೆ. ಮೊದಲು ಅಂಕಣದಲ್ಲಿ ಶಿಸ್ತಿನ ನಡಿಗೆ, ಆಮೇಲೆ ಬಯಲಲ್ಲಿ ದಿಮ್ಮಿ, ಗುಂಡಿ, ನೀರು ದಾಟುವ ಓಟ, ಕೊನೆಗೆ ಬಣ್ಣದ ಕಂಬಗಳ ಮೇಲೆ ಜಿಗಿತ. “ಈವೆಂಟಿಂಗೋ, ಇದೆಂಥಿಂಗೋ!” ಎಂದು ಹೆಂಡತಿ ಹಣೆ ಚಚ್ಚಿಕೊಂಡರು.

ತೊಂದರೆಯ ಬೀಜ ಒಂದು ಕ್ಯಾರೆಟ್ ಚೂರು. ದಿವಾನ್ ಏನಾದರೂ ಸರಿಯಾಗಿ ಮಾಡಿದಾಗೆಲ್ಲ ಉಪಕಾರಪ್ಪನವರು “ಉಪಕಾರ ಆಯ್ತು ಮಾರಾಯಾ” ಎಂದು ಒಂದು ಚೂರು ಕೊಡುತ್ತಿದ್ದರು. ದಿವಾನ್ ದಡ್ಡನಲ್ಲ. ‘ಉಪಕಾರ’ ಎಂಬ ನಾಲ್ಕಕ್ಷರದ ಒಂದು ಪದ ಕಿವಿಗೆ ಬಿದ್ದರೆ ಸಾಕು, ಎಲ್ಲಿದ್ದರೂ ಗಕ್ಕನೆ ನಿಂತು ಕತ್ತು ತಿರುಗಿಸಿ ಬಾಯಿ ತೆರೆಯುತ್ತಿತ್ತು. ಚೂರು ಬೀಳುವ ತನಕ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ.

ಸ್ಪರ್ಧೆಯ ದಿನ ಬೆಳಿಗ್ಗೆ ಫೋನ್ ಬಂತು. ಯಾರದೆಂದು ನೋಡಲು ಉಪಕಾರಪ್ಪನವರ ಕನ್ನಡಕ ಸಿಗಲಿಲ್ಲ. ಊರಿಗೆಲ್ಲ ಕನ್ನಡಕ ಕೊಡುವವರ ಕನ್ನಡಕ ಎಂದೂ ಸಿಗುತ್ತಿರಲಿಲ್ಲ. ಬಚ್ಚಲಮನೆಯಲ್ಲಿ ಭಾವಮೈದುನ ನಲ್ಲಿ ಬಿಟ್ಟುಕೊಂಡಿದ್ದ ಗದ್ದಲ ಬೇರೆ. ಕಿವಿಗೆ ಹಿಡಿದರೆ, ದಿವಾನ್‌ಗೆ ಸದ್ಯಕ್ಕೆ ಜಾಗ ಕೊಟ್ಟಿದ್ದ ಕುದುರೆ ಲಾಯದ ಯಜಮಾನರ ಗಡಸು ದನಿ.

“ನೋಡ್ರೀ, ಇವತ್ತು ಮೂರೂ ಪರೀಕ್ಷೆ ಮುಗಿಸಿದ್ರೆ ನಿಮ್ಮ ಮಂಚಕ್ಕೆ ನಮ್ಮ ಲಾಯದಲ್ಲಿ ಜಾಗ. ಇಲ್ದಿದ್ರೆ ಸಂಜೆನೇ ಮನೆಗೆ ಹೊಡ್ಕೊಂಡು ಹೋಗಿ, ತಿಳೀತಾ?”

ದನಿಯ ಹಿಂದೆ ಬುಳುಬುಳು ನೀರಿನ ಸದ್ದು. ಪಾಪ, ಬೆಳ್ಳಂಬೆಳಿಗ್ಗೆ ಕುದುರೆ ತೊಳೆಸುತ್ತಿದ್ದಾರೆ ಎಂದುಕೊಂಡು ಉಪಕಾರಪ್ಪನವರು, “ಒಂದು ಅವಕಾಶ ಕೊಟ್ರಲ್ಲ ಸ್ವಾಮಿ, ಬಹಳ ಬಹಳ ಉಪಕಾರ” ಎಂದು ಗೋಡೆಗೆ ಕೈ ಮುಗಿದರು. ಫೋನಿಟ್ಟ ಮೇಲೆ ಮನೆಯ ಜಾಗದ ಲೆಕ್ಕ ಹಾಕಿದರು. ಇರುವುದು ಎರಡು ಕೋಣೆ, ಹಳೆಯ ದಿವಾನ್ ಮಂಚವಿರುವ ಒಂದು ಹಾಲ್. ಒಂದು ಕೋಣೆ ಗಂಡ ಹೆಂಡತಿಗೆ. ಹಿತ್ತಿಲ ಕಡೆಯದು ಭಾವಮೈದುನನಿಗೆ. ಕೆಲಸ ಹುಡುಕುತ್ತೇನೆಂದು ಬಂದವನು ಸಿಕ್ಕಿದ ಕೆಲಸಗಳಿಂದೆಲ್ಲ ಜಾಣತನದಿಂದ ತಪ್ಪಿಸಿಕೊಂಡು ಅಲ್ಲೇ ಬೇರು ಬಿಟ್ಟಿದ್ದ. ಯಾರ ದನಿಯನ್ನಾದರೂ ಸುಲಿದು ಹೊದ್ದುಕೊಂಡು ಮಾತಾಡುವುದು ಅವನ ಏಕೈಕ ಉದ್ಯೋಗ.

ಅವನು ತಲೆ ಒರೆಸಿಕೊಂಡು ಕ್ಯಾರೆಟ್ ತರಲು ಅಂಗಡಿಗೆ ಹೋದ. ಆಗ ಮತ್ತೆ ಫೋನ್. ಮತ್ತೆ ಅದೇ ದನಿ, ಆದರೆ ಜೇನು ಸವರಿದಂತೆ.

“ನಿಮ್ಮ ದಿವಾನ್ ಅಂದ್ರೆ ನಮಗೆಲ್ಲ ಪ್ರೀತಿ ಕಣ್ರೀ. ಸ್ಪರ್ಧೆಯಲ್ಲಿ ಏನಾದ್ರೂ ಆಗ್ಲಿ, ಬಾಗಿಲ ಪಕ್ಕದ ಜಾಗ ಖಾಲಿ ಇದೆ. ಇನ್ನೊಬ್ರು ಕೇಳ್ತಿದ್ದಾರೆ, ಮೊದ್ಲು ನಿಮ್ಮನ್ನ ಕೇಳೋಣ ಅಂತ. ತಿಳೀತಾ?”

ಫೋನಿಗೆ ಕಿವಿ ಹಚ್ಚಿದ್ದ ಹೆಂಡತಿ ಪಿಸುಗುಟ್ಟಿದರು. “ರೀ, ಆ ಯಜಮಾನರು ಯಾವತ್ತಾದ್ರೂ ಪ್ರೀತಿ ಗೀತಿ ಅಂದಿದ್ದುಂಟಾ? ಇದು ನನ್ನ ತಮ್ಮನ ಕಿತಾಪತಿ!”

ಹೌದಲ್ಲ! ಉಪಕಾರಪ್ಪನವರು ಜೀವಮಾನದಲ್ಲಿ ಮೊದಲ ಬಾರಿಗೆ ದನಿ ಏರಿಸಿದರು. “ಆ ಜಾಗದಲ್ಲಿ ನೀನೇ ನಿಂತು ಹುಲ್ಲು ತಿನ್ನೋ! ನನ್ನ ದಿವಾನ್‌ಗೆ ಬೇಡ!” ಫೋನ್ ಕುಕ್ಕಿದರು. ಮೈಯೆಲ್ಲ ಹಗುರಾಯಿತು. ಬೈಗುಳದಲ್ಲೂ ಒಂದು ಸುಖವಿದೆ ಎಂದು ತಿಳಿಸಿಕೊಟ್ಟ ಭಾವಮೈದುನನಿಗೆ ಮನಸ್ಸಿನಲ್ಲೇ ಉಪಕಾರ ಹೇಳಿದರು.

ಮೈದಾನದಲ್ಲಿ ಹೆಂಡತಿಯದು ಒಂದೇ ಮಾತು. “ಇವತ್ತು ನಿಮ್ಮ ಬಾಯಿಗೆ ಬೀಗ. ಯಾರು ಏನು ಕೊಟ್ರೂ, ಎತ್ತಿದ್ರೂ, ಹೊಗಳಿದ್ರೂ ತುಟಿ ಪಿಟಕ್ಕೆನ್ನಬಾರ್ದು.”

ನಡಿಗೆಯ ಪರೀಕ್ಷೆ ದೇವರು ನಡೆಸಿದಂತೆ ನಡೆಯಿತು. ನಡುವೆ ನಿಂತು ತೀರ್ಪುಗಾರರಿಗೆ ತಲೆಬಾಗಿದಾಗ ಅವರು ಮುಗುಳ್ನಕ್ಕರು. ಉಪಕಾರ ಗಂಟಲ ತನಕ ಬಂತು. ನುಂಗಿದರು. ಅಜೀರ್ಣವಾದವರಂತೆ ಮುಖ ಕೆಂಪಾಯಿತು.

ಬಯಲಿನ ಓಟದಲ್ಲಿ ದಿವಾನ್ ದಿಮ್ಮಿ ಹಾರಿದ್ದು ನೋಡಿ ಜನ ಬಾಯಿ ಬಿಟ್ಟರು. ಸಾಮಾನು ಲಾರಿಯಿಂದ ಸೋಫಾ ಜಾರಿದಂತೆ ಜಾರಿ, ಇಳಿಯುವಾಗ ಮಾತ್ರ ಬೆಕ್ಕಿನಂತೆ ಇಳಿಯಿತು. ನೀರಿನ ಹೊಂಡದ ಬಳಿ ಲಾಯರು ನಿಂತಿದ್ದರು. ಹೆಮ್ಮೆ ತಡೆಯಲಾರದೆ ಎರಡೂ ಕೈ ಎತ್ತಿ ಕೂಗಿದರು: “ಭೇಷ್, ಉಪಕಾರಪ್ನೋರೇ!”

ದಿವಾನ್ ನಡುನೀರಿನಲ್ಲಿ ಗಕ್ಕನೆ ನಿಂತಿತು.

ಹೆಂಡತಿ ಬಾಯಿಗೆ ಬೀಗ ಹಾಕಿದ್ದರು, ಸರಿ. ಹೆಸರಿಗೆ ಹಾಕುವುದನ್ನು ಮರೆತಿದ್ದರು. ಕುತ್ತಿಗೆ ತಬ್ಬಿಕೊಂಡು ನೇತಾಡುತ್ತಿದ್ದ ಉಪಕಾರಪ್ಪನವರು ಜೇಬಿನಿಂದ ಕ್ಯಾರೆಟ್ ತೆಗೆದು ಕೊಟ್ಟರು. ಹೊರಟಿತು. ಮುಂದಿನ ತಿರುವಿನಲ್ಲಿ ಕನ್ನಡಕದ ಹಳೆಯ ಗಿರಾಕಿಯೊಬ್ಬರು, “ಓಹೋ, ಉಪಕಾರಪ್ಪ!” ಮತ್ತೆ ನಿಂತಿತು. ಇನ್ನೊಂದು ಚೂರು. ಅಂದು ಊರಿಗೆ ಊರೇ ಅವರನ್ನು ಹುರಿದುಂಬಿಸಿತು, ಅವರು ಹೋದಲ್ಲೆಲ್ಲ ನಿಂತರು. ಅಂತೂ ಓಟ ಮುಗಿಯಿತು. ಕ್ಯಾರೆಟ್ಟೂ ಮುಗಿಯಿತು.

ಉಳಿದದ್ದು ಜಿಗಿತ. ಧ್ವನಿವರ್ಧಕದವರು ಗಂಟಲು ಸರಿಮಾಡಿಕೊಂಡು, “ಈಗ ಬರ್ತಿದ್ದಾರೆ, ಎಲ್ಲರ ಮೆಚ್ಚಿನ ಉಪ...” ಎನ್ನುವಷ್ಟರಲ್ಲಿ ಹೆಂಡತಿ ಮೇಜು ಹತ್ತಿ ಅವರ ಬಾಯಿಗೆ ಅಂಗೈ ಒತ್ತಿ, ಮೈಕು ಕಿತ್ತುಕೊಂಡರು.

“ನಮ್ಮ ಯಜಮಾನ್ರು ಬರ್ತಿದ್ದಾರೆ. ದಯವಿಟ್ಟು ಯಾರೂ ಅವರನ್ನ ಹೆಸರು ಹಿಡಿದು ಕರೀಬೇಡಿ. ಕರೆದ್ರೆ ನೋಡಿ ಮತ್ತೆ!”

ತಮ್ಮನ್ನೇ ಕರೆದರೆಂದು ಲಾಯದ ಯಜಮಾನರು ಎದ್ದು ನಿಂತು ಕೈ ಬೀಸಿದರು. ಉಳಿದವರೆಲ್ಲ ಪರೀಕ್ಷೆಯ ಹಾಲ್‌ನಂತೆ ಮೌನ. ಆ ಮೌನದಲ್ಲಿ ದಿವಾನ್ ಒಂದೊಂದೇ ಕಂಬ ದಾಟಿತು. ಒಂದು ಬಿತ್ತು, ಇನ್ನೊಂದು ಅಲ್ಲಾಡಿ ಯೋಚಿಸಿ ನಿಂತಿತು. ಗೆರೆ ದಾಟಿದಾಗ ಸಿಕ್ಕ ಸ್ಥಾನ ಕೊನೆಯದು. ಆದರೆ ಮೂರೂ ಮುಗಿದಿತ್ತು! ಉಪಕಾರಪ್ಪನವರು ಇಳಿದು ಕುದುರೆಯ ಹಣೆಗೆ ಹಣೆ ಇಟ್ಟು ಅತ್ತರು. ಲಾಯರೂ ಅತ್ತರು, ಫೀಸಿಲ್ಲದೆ.

ಬೆವರು ಒರೆಸಿಕೊಂಡು ಯಜಮಾನರ ಮುಂದೆ ಹೋಗಿ ಕೈ ಮುಗಿದರು. “ಸ್ವಾಮಿ, ಷರತ್ತಿನ ಪ್ರಕಾರ ಮೂರೂ ಮುಗಿಸಿದ್ದೀನಿ. ಜಾಗ...”

“ಯಾವ ಷರತ್ತು?” ಯಜಮಾನರು ಗುಡುಗಿದರು. “ಬೆಳಿಗ್ಗೆ ನಾನಾಗಿ ಫೋನ್ ಮಾಡಿ ಜಾಗ ತಗೊಳ್ರೀ ಅಂದ್ರೆ, ನೀನೇ ನಿಂತು ಹುಲ್ಲು ತಿನ್ನೋ ಅಂದ್ರಲ್ಲ! ಆ ಕ್ಷಣವೇ ಬೇರೆಯವರಿಗೆ ಕೊಟ್ಟೆ. ಹೊಡ್ಕೊಂಡು ಹೋಗಿ, ತಿಳೀತಾ?”

ತಿಳಿಯಿತು. ನಿಧಾನವಾಗಿ, ಬುಳುಬುಳು ಎಂದು ತಿಳಿಯಿತು. ಎಲ್ಲರೂ ಭಾವಮೈದುನನ ಕಡೆ ತಿರುಗಿದರು.

“ಅದು... ಭಾವ... ಹುರುಪು ಬರ್ಲಿ ಅಂತ... ಮೊದಲನೇದು ಮಾತ್ರ ನಾನು. ನೀರಿನ ಸದ್ದು ಕೇಳಿಸ್ಲಿಲ್ವಾ?”

ಲೋಕಕ್ಕೆಲ್ಲ ಉಪಕಾರ ಹೇಳಿದ ಮನುಷ್ಯ ಬೆದರಿಸಿದ ಬಚ್ಚಲಿಗೆ ಕೈ ಮುಗಿದು, ನಿಜವಾಗಿ ಉಪಕಾರ ಮಾಡಲು ಬಂದವರಿಗೆ ಬೈದಿದ್ದರು!

ಸಂಜೆ ದಿವಾನರ ಸವಾರಿ ಬೀದಿಗೆ ಬಂತು. ಹೆಂಡತಿ ದಾಪುಗಾಲು ಹಾಕಿ ಮುಂದೆ ನಡೆದರು. ಹಿತ್ತಿಲಿಗೆ ಬಂದವರೇ ತಮ್ಮನ ಕೋಣೆಯ ಬಾಗಿಲು ತಳ್ಳಿ ತೀರ್ಪು ಕೊಟ್ಟರು: “ಹಾಸಿಗೆ ಸುತ್ಕೊಂಡು ಹಾಲ್‌ಗೆ ನಡಿ. ಇವತ್ತಿನಿಂದ ಕೋಣೆಯಲ್ಲಿ ದಿವಾನ್, ದಿವಾನ್ ಮೇಲೆ ಕೋಣ!”

“ಮೇಲ್ಮನವಿಗೆ ಅವಕಾಶವಿಲ್ಲ” ಎಂದರು ಬೇಲಿಯಾಚೆಯಿಂದ ಲಾಯರು.

ಭಾವಮೈದುನ ಒಳಗೆ ದಿಂಬು ಹುಡುಕುತ್ತಿದ್ದ. ಉಪಕಾರಪ್ಪನವರು ದಿವಾನ್‌ನನ್ನು ಬಾಗಿಲಲ್ಲಿ ಮೆಲ್ಲಗೆ ನುಗ್ಗಿಸುತ್ತಿದ್ದರು. ಬೆಳಗಿನಿಂದ ನುಂಗಿದ್ದೆಲ್ಲ ಒಟ್ಟಿಗೆ ಉಕ್ಕಿ ಬಂತು. “ಏನೇ ಆಗ್ಲಿ ಕಣೋ, ನೀನು ಹೆದರಿಸದೆ ಇದ್ದಿದ್ರೆ ನಾನು ಮೊದಲ ಗುಂಡಿಯಲ್ಲೇ ಇಳಿದುಬಿಡ್ತಿದ್ದೆ. ಬಹಳ ಉಪಕಾರ ಆಯ್ತು!”

ದಿವಾನ್ ಗಕ್ಕನೆ ನಿಂತಿತು. ಅರ್ಧ ಒಳಗೆ, ಅರ್ಧ ಹೊರಗೆ, ಬಾಗಿಲಿಗೆ ಬಿರಡೆ ಹೊಡೆದಂತೆ. ಜೇಬಿನಲ್ಲಿ ಕ್ಯಾರೆಟ್ಟಿಲ್ಲ. ಅಂಗಡಿ ಮುಚ್ಚಿತ್ತು.

ಕೋಣೆಯೊಳಗಿನಿಂದ ಲಾಯದ ಯಜಮಾನರ ದನಿ ಕೇಳಿತು, ಸ್ವಲ್ಪ ಅಳು ಬೆರೆತಿತ್ತು. “ಯಾರಾದ್ರೂ ಈ ಕುದುರೇನ ಸರಿಸ್ರೀ, ತಿಳೀತಾ?”

ಹೆಂಡತಿ ನಕ್ಕರು, ಲಾಯರು ಬೇಲಿ ಹಿಡಿದುಕೊಂಡು ನಕ್ಕರು. ಬೀದಿಯ ಕೊನೆಯ ಮನೆಗೂ ಕೇಳಿಸಿದ ನಗು ಮಾತ್ರ ದಿವಾನ್‌ನ ಅಗಲವಾದ ಹಿಂಭಾಗಕ್ಕೆ ಒರಗಿ ನಿಂತಿದ್ದ ಉಪಕಾರಪ್ಪನವರದು.