ಕರಿ ಕಾರು ಮತ್ತು ಮಾವನ ಕಂಬಳಿ

ಯಾರಾದರೂ ಅವಮಾನ ಮಾಡಿದರೆ ಎದುರು ಮಾತಾಡಬಹುದು, ಮುಖ ತಿರುಗಿಸಬಹುದು. ನಾನು ವಕೀಲನಾದ್ದರಿಂದ ಒಂದು ನೋಟೀಸನ್ನೂ ಕೊಡಬಹುದು. ಆದರೆ ಮರ್ಯಾದೆ ಮಾಡಲು ಬರುವವರನ್ನು ತಡೆಯುವುದು ಹೇಗೆ ಎಂಬುದು ಮಾತ್ರ ನನಗೆ ಇಂದಿಗೂ ತಿಳಿದಿಲ್ಲ. ಅದಕ್ಕೆ ಕಾನೂನಿನಲ್ಲಿ ಯಾವ ಕಲಮೂ ಇಲ್ಲ. ನನ್ನ ಕರಿ ಕಾರು ಹಾಳಾದದ್ದು ಶತ್ರುಗಳಿಂದಲ್ಲ, ಮರ್ಯಾದೆಯಿಂದ.

ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಡೆದ ಕಥೆ ಇದು. ಹೈದರಾಬಾದಿನ ಹಿರಿಯರೊಬ್ಬರು ದೊಡ್ಡ ಹವೇಲಿ ಬಿಟ್ಟು ಸಣ್ಣ ಮನೆಗೆ ಹೋಗುವಾಗ ತಮ್ಮ ಕಾರನ್ನು ನನಗೆ ಮಾರಿದರು. ಕಾರು ಎಷ್ಟು ಕರಿದಾಗಿತ್ತೆಂದರೆ ಅದರ ಬಾಗಿಲಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು. ಕೀಲಿಕೈ ಕೊಡುವಾಗ ಅವರು ನನ್ನ ಎರಡೂ ಕೈ ಹಿಡಿದು, "ವಕೀಲ್ ಸಾಬ್, ಇಸ್‌ಕಾ ಕಾಲಾ ರಂಗ್ ಬಹುತ್ ನಾಜೂಕ್ ಹೈ" ಎಂದರು. ಮಗಳನ್ನು ಅತ್ತೆ ಮನೆಗೆ ಕಳಿಸುವವರ ದನಿ ಅದು. ಈ ಬಣ್ಣ ಬಲು ಮೆತ್ತಗಿನದು, ಒಣ ಬಟ್ಟೆ ತಾಗಿಸಬೇಡಿ, ಮೊದಲು ನೀರು ಸುರಿದು ಧೂಳನ್ನು ತಾನಾಗಿ ಇಳಿಯಲು ಬಿಡಿ, ಆಮೇಲೆ ಹಳೆಯ ಮಲ್ಲಿನ ಬಟ್ಟೆ ನೆನೆಸಿ ಉದ್ದಕ್ಕೆ ಎಳೆಯಿರಿ, ಸುತ್ತಿ ಸುತ್ತಿ ಉಜ್ಜಬೇಡಿ, ಬಿಸಿಲಲ್ಲಂತೂ ಮುಟ್ಟಲೇಬೇಡಿ ಎಂದು ಹೇಳಿದರು. ಒಂದು ಕಣ ಮರಳು ಬಟ್ಟೆಯಡಿ ಸಿಕ್ಕರೆ ಸಾಕಂತೆ, ಕೂದಲೆಳೆಯಂಥ ಗೀರು ಬೀಳುತ್ತದಂತೆ. ನೆರಳಲ್ಲಿ ಕಾಣದ ಆ ಗೀರು ಬಿಸಿಲಿಗೆ ನಿಲ್ಲಿಸಿದಾಗ ಜೇಡರ ಬಲೆಯ ಹಾಗೆ ಎದ್ದು ಬರುತ್ತದಂತೆ.

ಇಷ್ಟು ಕೇಳಿಕೊಂಡು ನಾನು ಕಾರನ್ನು ತಂದದ್ದು ಬೀದರಿನ ಅಂಚಿನ ನೌಬಾದಕ್ಕೆ, ನಮ್ಮ ಮನೆಗೆ. ಬೀದರಿನ ಕೆಂಪು ಮಣ್ಣನ್ನು ಬಲ್ಲವರು ಇಲ್ಲಿಯೇ ಒಮ್ಮೆ ನಕ್ಕುಬಿಡಿ, ನಾನು ಕಾಯುತ್ತೇನೆ. ಬೆಳಿಗ್ಗೆ ತೊಳೆದರೆ ಮಧ್ಯಾಹ್ನದ ಹೊತ್ತಿಗೆ ಕಾರು ಕುಂಕುಮ ಹಚ್ಚಿಕೊಂಡು ಕುಳಿತಿರುತ್ತಿತ್ತು. ಆ ಧೂಳಿನ ಮೇಲೆ ಬೆರಳಿನಿಂದ ಬರೆಯುವುದು ಊರಿನ ಬುದ್ಧಿವಂತರಿಗೆಲ್ಲ ಚಟವಾಯಿತು. ಜಿಲ್ಲೆ ಯಾರಿಗೆ ಸೇರಬೇಕಿತ್ತು ಎಂಬ ಚರ್ಚೆ ಮುಗಿದು ನಕಾಶೆಯೂ ಅಚ್ಚಾಗಿತ್ತು. ಆದರೆ ನನ್ನ ಬಾನೆಟ್ಟಿನ ಮೇಲೆ ಮಾತ್ರ ಅದು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಮುಂದುವರಿದಿತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಂಗೈಯಿಂದ ಒರೆಸಿ ತಮ್ಮ ಅಭಿಪ್ರಾಯ ಬರೆಯುತ್ತಿದ್ದರು. ಯಾರ ಪಕ್ಷ ಗೆದ್ದರೂ ಗೀರು ನನಗೇ ಬೀಳುತ್ತಿತ್ತು. ಬಟ್ಟೆಯ ಹೊದಿಕೆ ಹಾಕಿ ನೋಡಿದೆ. ಗಾಳಿಗೆ ಆ ಬಟ್ಟೆಯೇ ಧೂಳನ್ನು ಕೆಳಗಿಟ್ಟುಕೊಂಡು ಉಜ್ಜತೊಡಗಿತು. ಮೆತ್ತಗಿನ ಹಾಸಿಗೆ ಸಿಕ್ಕಿತೆಂದು ನೆರೆಮನೆಯ ಮೇಕೆ ಹತ್ತಿ ಮಲಗಿತು.

ಇದೆಲ್ಲ ಸಣ್ಣ ತಾಪತ್ರಯ. ದೊಡ್ಡದು ಭಾಲ್ಕಿಯಲ್ಲಿತ್ತು, ನನ್ನ ಮಾವ ಮಲ್ಲಪ್ಪನವರ ರೂಪದಲ್ಲಿ. ನಮ್ಮವರು ತಲೆತಲಾಂತರದಿಂದ ಕುರಿ ಸಾಕಿ ಹೊಲ ಮಾಡುವ ಮಂದಿ. ನಾನು ಹೈದರಾಬಾದಿಗೆ ಹೋಗಿ ಉರ್ದುವಿನಲ್ಲಿ ಓದಿ ಕರಿ ಕೋಟು ಹಾಕಿಕೊಂಡೆ, ಮಾವ ತಮ್ಮ ಕರಿ ಕಂಬಳಿ ಬಿಡಲಿಲ್ಲ. ನಮ್ಮಲ್ಲಿ ಕಂಬಳಿ ಎಂದರೆ ಬರಿಯ ಹೊದಿಕೆಯಲ್ಲ. ದೇವರನ್ನು ಕೂರಿಸುವುದು ಅದರ ಮೇಲೆ, ನ್ಯಾಯ ಹೇಳುವ ಹಿರಿಯರನ್ನು ಕೂರಿಸುವುದು ಅದರ ಮೇಲೆ. ಬಂದ ಅತಿಥಿ ಕೂರುವ ಜಾಗವನ್ನು ಹೆಗಲ ಕಂಬಳಿಯಿಂದ ಝಾಡಿಸಿ ಒರೆಸಿಕೊಟ್ಟರೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಕಾರು ತಂದು ಮೊದಲ ಸಲ ಅವರ ಬಾಗಿಲಲ್ಲಿ ನಿಲ್ಲಿಸಿದಾಗ ಮಾವ ಹೊರಗೆ ಬಂದರು, ಕಣ್ತುಂಬ ನೋಡಿದರು. ನಾನು ಕಾರಿನಿಂದ ಇಳಿಯುವುದರೊಳಗೆ ಹೆಗಲ ಮೇಲಿನ ಕಂಬಳಿ ತೆಗೆದು ಬಾನೆಟ್ಟಿನಿಂದ ಹಿಡಿದು ಹಿಂದಿನ ದೀಪದವರೆಗೆ ಗುಂಡಗೆ, ಪ್ರೀತಿಯಿಂದ, ಬಲ ಹಾಕಿ ಒರೆಸಿದರು. ಆ ಕಂಬಳಿಯಲ್ಲಿ ಹೊಲದ ಮಣ್ಣಿತ್ತು, ಕುರಿಹಟ್ಟಿಯ ಮುಳ್ಳಿತ್ತು. ಕರ್ ಕರ್ ಎಂಬ ಆ ಸದ್ದು ಈಗಲೂ ನನ್ನ ಹಲ್ಲಿನಲ್ಲಿದೆ.

ಮರುದಿನ ಬಿಸಿಲಲ್ಲಿ ಕಾರನ್ನು ನೋಡಿ ನನಗೆ ಊಟ ಸೇರಲಿಲ್ಲ. ಹೆಂಡತಿ ನೀಲಮ್ಮ ಬಂದು ನೋಡಿದಳು. "ನೆಳ್ಳಾಗ ನಿಂದ್ರಿಸಿ ನೋಡ್ರಿ, ಏನೂ ಕಾಣಂಗಿಲ್ಲ" ಎಂದಳು.

"ನಿಮ್ಮಪ್ಪಗ ಹೇಳಬೇಕಲ್ಲ, ಒರಸಬ್ಯಾಡ್ರಿ ಅಂತ."

"ಹೇಳ್ರಿ. ನಿಮ್ಮ ಕಂಬಳಿ ನನ್ನ ಗಾಡಿಗಿ ಚುಚ್ಚತದ ಅಂತ ಹೇಳ್ರಿ. ಆಮ್ಯಾಲ ಅವರು ಏನಂತಾರ, ಅದನ್ನೂ ನೀವೇ ಕೇಳಿಕೋರಿ. ನಾನಂತೂ ನಡುವ ಬರಂಗಿಲ್ಲ."

ನಾನು ಹೇಳಲಿಲ್ಲ. ಜಡ್ಜ್ ಸಾಹೇಬರ ಮುಂದೆ ಗಂಟೆಗಟ್ಟಲೆ ವಾದಿಸುವವನಿಗೆ ಮಾವನ ಮುಂದೆ ಅಷ್ಟು ಧೈರ್ಯ ಬರಲಿಲ್ಲ. ಬಾಯಿ ಮುಚ್ಚಿಕೊಂಡು ಮೇಣ ತರಿಸಿದೆ, ಬಿಡುವಾದಾಗಲೆಲ್ಲ ನೆರಳಲ್ಲಿ ಕುಳಿತು ತೆಳ್ಳಗೆ ಹಚ್ಚಿ ಒಂದೊಂದೇ ಗೀರನ್ನು ಮಾಯಿಸಿದೆ. ನನ್ನ ಹಳೆಯ ಧೋತರಗಳೆಲ್ಲ ಅದಕ್ಕೇ ಖರ್ಚಾದವು. ಮಕ್ಕಳಿಗೆ ಜ್ವರ ಬಂದಾಗ ಇಷ್ಟು ಆರೈಕೆ ಮಾಡಿದ್ದು ನೋಡಿಲ್ಲ ಎಂದು ನೀಲಮ್ಮ ನೆರೆಯವರ ಎದುರು ಹೇಳಿದಳು. ಕಾರು ಮತ್ತೆ ಕನ್ನಡಿಯಾಯಿತು.

ಆ ಹೊತ್ತಿಗೆ ಮೈಸೂರು ಕಡೆಯಿಂದ ಹೊಸ ದೊಡ್ಡ ಸಾಹೇಬರು ಬರುವ ಸುದ್ದಿ ಬಂತು. ರೈಲಿನಲ್ಲಿ ಭಾಲ್ಕಿಗೆ ಬಂದಿಳಿದು ಔರಾದ ತಾಲ್ಲೂಕು ನೋಡಲು ಹೋಗುವವರು. ಕಚೇರಿಯ ಜೀಪು ಕೆಟ್ಟಿತ್ತು, ನಿಮ್ಮ ಕಾರು ಕೊಡಿ ಎಂದು ಅಲ್ಲಿಯವರು ನನ್ನನ್ನು ಕೇಳಿದರು. ನಾನು ಒಪ್ಪಿದ್ದಷ್ಟೇ ಅಲ್ಲ, ನಾನೇ ಓಡಿಸಿಕೊಂಡು ಬರುತ್ತೇನೆ ಎಂದೆ. ಇದರ ಹಿಂದೆ ಒಂದು ಭಯವಿತ್ತು, ನಿಮಗೆ ಹೇಳಲು ಅಡ್ಡಿಯಿಲ್ಲ. ನಾನು ಕಲಿತದ್ದು, ವಾದಿಸಿದ್ದು, ಅರ್ಜಿ ಬರೆದದ್ದು ಎಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಆಡುವ ಕನ್ನಡ ಬಿಟ್ಟರೆ ಪುಸ್ತಕದ ಕನ್ನಡ ನನಗೆ ಬಾರದು. ಹೊಸ ರಾಜ್ಯದವರು ನನ್ನ ಬಾಯಿಂದ ನಾಲ್ಕು ಮಾತು ಕೇಳಿ ಇವನೊಬ್ಬ ಓದಿಲ್ಲದವನು ಎಂದುಕೊಂಡರೆ ನನ್ನ ವಕೀಲಿಯ ಗತಿಯೇನು? ನಾಲಿಗೆ ಹೊಳೆಯದಿದ್ದರೆ ಕಾರಾದರೂ ಹೊಳೆಯಲಿ ಎಂದು ನನ್ನ ಲೆಕ್ಕಾಚಾರ. ಜೊತೆಗೆ "ತಮ್ಮ ಆಗಮನದಿಂದ ನಮ್ಮ ಜಿಲ್ಲೆ ಪಾವನವಾಯಿತು" ಎಂಬ ವಾಕ್ಯವನ್ನು ಸಾಲಿ ಮಾಸ್ತರರೊಬ್ಬರಿಂದ ಕೇಳಿ ಬಾಯಿಪಾಠ ಮಾಡಿಕೊಂಡೆ. ಸ್ನಾನ ಮಾಡುವಾಗಲೂ ಅದನ್ನೇ ಹೇಳುತ್ತಿದ್ದೆ.

ಆ ದಿನ ಬೆಳಕು ಹರಿಯುವಾಗಲೇ ನಾನೂ ನೀಲಮ್ಮನೂ ಹೊರಟೆವು. ಭಾಲ್ಕಿಯಲ್ಲಿ ನೇರ ಸ್ಟೇಷನ್ನಿಗೆ ಹೋಗಿಬಿಡೋಣ ಎಂದು ನಾನು ಹಗುರವಾಗಿ ಹೇಳಿ ನೋಡಿದೆ. "ನಮ್ಮಪ್ಪನ ಊರಾಗ ಹಾದು, ಅವರ ಮನಿ ಮುಂದ ನಿಲ್ಲಲ್ದ ಹೋಗೋದಾದ್ರ ನನ್ನ ಇಲ್ಲೇ ಇಳಿಸ್ರಿ" ಎಂದಳು ನೀಲಮ್ಮ. ಆಗ ನನಗೆ ಒಂದು ಯುಕ್ತಿ ಹೊಳೆಯಿತು. ಧೂಳು ಇದ್ದರೆ ತಾನೆ ಒರೆಸುವುದು? ಊರ ಹೊರಗಿನ ಬಾವಿಯ ಹತ್ತಿರ ಮರದ ನೆರಳಲ್ಲಿ ಕಾರು ನಿಲ್ಲಿಸಿ, ಕೋಟು ಕಳಚಿ, ನೀರು ಸೇದಿ ಸುರಿದೆ. ನೆನೆದ ಮಲ್ಲಿನ ಬಟ್ಟೆಯನ್ನು ಉದ್ದಕ್ಕೆ ಎಳೆದೆ. ನೀರಿಗೆ ಬಂದ ಹೆಂಗಸರು ನಕ್ಕರು, ನಕ್ಕುಕೊಳ್ಳಲಿ. ಅಲ್ಲಿಂದ ಮಾವನ ಮನೆಯವರೆಗೆ ಎತ್ತಿನ ಬಂಡಿಗಿಂತ ಮೆಲ್ಲಗೆ ಓಡಿಸಿದೆ, ಒಂದು ಕಣ ಧೂಳೇಳಲಿಲ್ಲ.

ಮಾವ ಹೊರಗೆ ಬಂದರು. ಹೆಗಲ ಮೇಲೆ ಕಂಬಳಿ ಇತ್ತು. ಕಾರನ್ನು ಒಂದು ಸುತ್ತು ಹಾಕಿದರು. ಅವರ ಮುಖ ಇಳಿಯಿತು.

"ಅಳಿಯಂದ್ರ, ಮದ್ಲ ಯಾರ ಮನಿಗಿ ಹೋಗಿದ್ರಿ?" ಎಂದರು.

"ಯಾರ ಮನಿಗೂ ಇಲ್ರಿ ಮಾವಾರ. ಸೀದಾ ಬೀದರಿಂದ ಬಂದೀವಿ."

"ಬೀದರಿಂದ ಬಂದವರ ಗಾಡಿಗಿ ಧೂಳಿಲ್ಲ ಅಂದ್ರ ನಾ ಹ್ಯಾಂಗ ನಂಬಲಿ? ಯಾರೋ ನಿಮಗ ಇಳಿಸಿಕೊಂಡು, ನೀರು ಕೊಟ್ಟು, ಗಾಡಿ ಒರಸಿ ಕಳಸ್ಯಾರ. ಆ ನಮ್ಮ ದೊಡ್ಡಪ್ಪನ ಮಗ ಇರಬೇಕು. ಹೌದಲ್ರಿ?"

ಆ ದೊಡ್ಡಪ್ಪನ ಮಗನಿಗೂ ಮಾವನಿಗೂ ಹೊಲದ ಬದುವಿನ ಜಗಳದಿಂದ ಮಾತು ಬಿಟ್ಟಿತ್ತು. ಮಾವ ನಿಜವಾಗಿ ನೊಂದಿದ್ದರು, ನನಗೆ ಪಾಪವೆನ್ನಿಸಿತು. ನೀಲಮ್ಮನೇ, "ಯಾರೂ ಒರಸಿಲ್ಲಪ್ಪ. ನಿನ್ನ ಅಳಿಯನೇ ಬಾವಿ ಕಟ್ಟಿಮ್ಯಾಲ ನೀರು ಸೇದಿ ತೊಳದಾರ. ಊರ ಹೆಂಗಸರು ನೋಡ್ಯಾರ, ಕೇಳು" ಎಂದು ನನ್ನ ಮಾನ ಕಳೆದು ಪ್ರಾಣ ಉಳಿಸಿದಳು.

ಮಾವ ನನ್ನ ಒದ್ದೆ ಪಂಚೆ ನೋಡಿದರು, ಕೈಯಲ್ಲಿದ್ದ ಹಿಂಡಿದ ಬಟ್ಟೆ ನೋಡಿದರು. ಮನೆ ಬಾಗಿಲಿಗೆ ಕೊಳೆ ತರಬಾರದೆಂದು ಅಳಿಯ ಇಷ್ಟು ಮಾಡಿದ್ದಾನೆ ಎಂದು ಅವರಿಗೆ ಅರ್ಥವಾಯಿತು. ಅದು ತಪ್ಪು ಅರ್ಥ, ನಾನು ತಿದ್ದಲಿಲ್ಲ. ಕಂಬಳಿ ಹೆಗಲಿನಿಂದ ಇಳಿಯಿತು. ಆದರೆ ಅದು ಕಾರಿನ ಕಡೆ ಹೋಗದೆ ನನ್ನ ಹೆಗಲ ಮೇಲೆ ಬಂತು. "ಚಳಿ ಅದ, ಹೊತ್ಕೋರಿ. ನಾನೂ ಬರ್ತೇನಿ, ಸಾಹೇಬರಿಗಿ ನೋಡಬೇಕು" ಎಂದು ಹಿಂದಿನ ಸೀಟಿನಲ್ಲಿ ಕುಳಿತರು. ಕಂಬಳಿ ನನ್ನ ವಶದಲ್ಲಿರುವಾಗ ಕಾರಿಗೆ ಯಾವ ಭಯವೂ ಇಲ್ಲ ಎಂದು ನಾನು ಒಳಗೊಳಗೇ ನಗುತ್ತ ಸ್ಟೇಷನ್ನಿಗೆ ಓಡಿಸಿದೆ.

ಸ್ಟೇಷನ್ನಿನ ಮುಂದೆ ಹತ್ತಿ ತುಂಬಿದ ಬಂಡಿಗಳು ತಿರುಗುತ್ತಿದ್ದವು. ನಾನು ಕಾರು ನಿಲ್ಲಿಸಿ ಇಳಿಯುವುದಕ್ಕೂ ಅವು ಎಬ್ಬಿಸಿದ ಧೂಳು ಬಂದು ಕೂರುವುದಕ್ಕೂ ಸರಿಹೋಯಿತು. ರೈಲು ಬಂತು. ಬಿಳಿ ಪೇಟ ಸುತ್ತಿದ ಸಾಹೇಬರು ನಗುತ್ತ ನೇರ ನಮ್ಮ ಕಡೆಗೇ ನಡೆದರು. ನಾನು ಮುಂದೆ ಬಂದು ಕೈ ಮುಗಿದೆ, ಬಾಯಿ ತೆರೆದೆ. ಪಾವನ ಎಂಬುದರ ಹಿಂದೆ ಏನಿತ್ತು, ಮುಂದೆ ಏನಿತ್ತು, ಒಂದೂ ನೆನಪಾಗಲಿಲ್ಲ. ಅವರು ಕಾರಿನ ಹತ್ತಿರ ಬಂದು ನಿಂತೇಬಿಟ್ಟರು. ಬಾಯಿಂದ ಮರ್ಯಾದೆ ಹೊರಡದಿದ್ದಾಗ ಕೈ ತಾನೇ ಕೆಲಸಕ್ಕಿಳಿಯಿತು. ಹೆಗಲ ಕಂಬಳಿ ಎಳೆದುಕೊಂಡು ಬಾಗಿಲು ಒರೆಸಿದೆ. ಬಾಗಿಲು ಮುಗಿದರೂ ಕೈ ನಿಲ್ಲಲಿಲ್ಲ, ಬಾನೆಟ್ಟಿಗೆ ಹೋಯಿತು. ಗುಂಡಗೆ, ಪ್ರೀತಿಯಿಂದ, ಬಲ ಹಾಕಿ ಒರೆಸಿದೆ. ಕರ್ ಕರ್ ಎಂಬ ಸದ್ದು ಕಿವಿಗೆ ಬಿದ್ದಾಗ ಇದು ಯಾರ ಕೈ ಎಂದು ನೋಡಿದೆ. ನನ್ನದೇ ಆಗಿತ್ತು.

ಮಾವ ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. "ಅಳಿಯಂದ್ರ, ಎಷ್ಟು ಓದಿದ್ರೂ ನೀವು ನಮ್ಮವರೇ ಬಿಡ್ರಿ" ಎಂದರು.

ಬಿಸಿಲು ಚೆನ್ನಾಗಿ ಏರಿತ್ತು. ಸಾಹೇಬರು ಬಾನೆಟ್ಟಿನ ಮೇಲೆ ಬಗ್ಗಿ, ಕರಿ ಬಣ್ಣದ ತುಂಬ ಬೆಳ್ಳಿ ಎಳೆಗಳಂತೆ ಹೊಳೆಯುತ್ತಿದ್ದ ಸುತ್ತುಗಳನ್ನು ಬಹಳ ಹೊತ್ತು ನೋಡಿದರು. "ಇದೇನಾ ನಿಮ್ಮ ಬೀದರಿನ ಬಿದರಿ ಕೆಲಸ? ಕರಿ ಹೂಜಿ, ತಟ್ಟೆ ಮೇಲೆ ಮಾತ್ರ ಬೆಳ್ಳಿ ಎಳೆ ಕೂರಿಸಿ ಮಾಡ್ತಾರೆ ಅಂತ ಕೇಳಿದ್ದೆ. ಕಾರಿನ ಮೇಲೂ ಮಾಡ್ತಾರೇನ್ರೀ?" ಎಂದರು.

"ಹೌದ್ರಿ ಸಾಹೇಬ್ರ" ಎಂದೆ. "ಇದು ನಾನೇ ಮಾಡೀನ್ರಿ."

ಹೊಸ ರಾಜ್ಯದ ಎದುರು ನಾನು ಆಡಿದ ಮೊದಲ ಕನ್ನಡ ಮಾತು ಅದು. ವಕೀಲಿ ವೃತ್ತಿಯಲ್ಲಿ ಅಷ್ಟು ನಿಜವಾದ ಮಾತನ್ನು ಆಮೇಲೆ ನಾನು ಆಡಿದ್ದು ನೆನಪಿಲ್ಲ.